ಒಂದೇ ಚಕ್ರ ಬಿಸಿ ಆಗ್ತಿದೆ ಅಂತ ಮೂರು ಸಲ ಹೇಳಿದೆ

ಎಡಗಡೆ ಮುಂದಿನ ಚಕ್ರ ಒಂದೇ ಬಿಸಿ ಆಗ್ತಿದೆ. ಈ ಮಾತನ್ನು ನಾನು ಒಂದೇ ವರ್ಕ್‌ಶಾಪಿನಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನದು ಕಾಸರಗೋಡಿನ ಕೆಎಲ್ 14 ನಂಬರಿನ ದೊಡ್ಡ ಡೀಸೆಲ್ ಎಸ್‌ಯುವಿ, 2007ರದ್ದು. ಖಾಲಿ ಗಾಡಿಯೇ ಎರಡು ಟನ್ ತೂಗುತ್ತದೆ. 15 ವರ್ಷ ತುಂಬಿದಾಗ ಟೆಸ್ಟ್ ಮಾಡಿಸಿ, ಇನ್ನೈದು ವರ್ಷಕ್ಕೆ ಆರ್‌ಸಿ ಹೊಸದು ಮಾಡಿಸಿದ್ದೇನೆ. ಮಾರಿಬಿಡು ಅನ್ನುವವರು ತುಂಬಾ ಜನ. ನಮ್ಮ ಮನೆ ಮುಳ್ಳೇರಿಯಾದಿಂದ ಒಳಗೆ. ಮಳೆಗಾಲದಲ್ಲಿ ಆ ಕೆಸರಿನ ಏರು ಹತ್ತಲು ಇಂಥ ಗಾಡಿಯೇ ಬೇಕು. ಅಡಿಕೆ ಮೂಟೆ, ಗೊಬ್ಬರದ ಚೀಲ ಎಲ್ಲ ಇದರಲ್ಲೇ. ಅಪ್ಪನನ್ನು ತಿಂಗಳಿಗೆ ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದರಲ್ಲೇ.

ಮೊದಲು ಬಂದದ್ದು ವಾಸನೆ. ಬ್ರೇಕ್ ಬಿಟ್ಟ ಮೇಲೂ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮನೆಗೆ ಬಂದು ನೋಡಿದರೆ ಎಡಗಡೆ ರಿಮ್ ಮುಟ್ಟಲು ಆಗದಷ್ಟು ಕಾದಿತ್ತು. ಬಲಗಡೆಯದು ಬೆಚ್ಚಗೆ ಅಷ್ಟೇ. ವರ್ಕ್‌ಶಾಪಿನಲ್ಲಿ ಹೇಳಿದೆ. ಬ್ರೇಕ್ ಪ್ಯಾಡ್ ಬದಲಿಸಿದರು, ಡಿಸ್ಕ್ ಸಮ ಮಾಡಲು ಲೇತಿಗೆ ಕೊಟ್ಟರು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ವಾಸನೆ.

ಆಮೇಲೆ ಮಡಿಕೇರಿಯಲ್ಲಿ ಒಂದು ಮದುವೆ. ವಾಪಸ್ ಬರುವಾಗ ಗಾಡಿಯಲ್ಲಿ ಅಮ್ಮ, ಅಕ್ಕ, ಅಕ್ಕನ ಎರಡು ಮಕ್ಕಳು. ಸಂಪಾಜೆ ಘಾಟಿ ಅರ್ಧ ಇಳಿದಿರಬೇಕು, ಪೆಡಲ್ ಮೆತ್ತಗಾಯಿತು. ಒತ್ತಿದರೆ ತಳದವರೆಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸೆಕೆಂಡ್ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲ ಮೆಲ್ಲ ಎಳೆದು, ಗುಡ್ಡದ ಬದಿಗೆ ತಂದು ನಿಲ್ಲಿಸಿದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಅವರ ಕೈ ಮಾತ್ರ ನಡುಗುತ್ತಿತ್ತು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ.

ಅಲ್ಲಿ ಆದದ್ದು ಇಷ್ಟು. ಬ್ರೇಕ್ ಹಿಡಿದುಕೊಂಡೇ ಇದ್ದ ಆ ಒಂದು ಚಕ್ರದ ಬಿಸಿಗೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಪೆಡಲ್ ಒತ್ತಿದರೆ ಆ ಆವಿ ಕುಗ್ಗುತ್ತದೆ ಅಷ್ಟೇ, ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕಡಿಮೆ ಎಂದರೂ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತದೆ. ಶೇ. 3.7ರಷ್ಟು ನೀರು ಸೇರಿದರೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ನಮ್ಮ ಕಾಸರಗೋಡಿನ ಮಳೆಗೆ ತೇವ ಹೀರದೆ ಇರುತ್ತದಾ? ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಒಬ್ಬರಾದರೂ ಹೇಳಿದ್ದಿದ್ದರೆ! ಪ್ಯಾಡ್ ಬದಲಿಸಿದಾಗ ಆಯಿಲ್ ಡಬ್ಬದ ಮುಚ್ಚಳ ತೆಗೆದು ನೋಡಿದ್ದರೂ ಸಾಕಿತ್ತು. ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿತ್ತು.

ಇದನ್ನೆಲ್ಲ ಹೇಳಿದ್ದಕ್ಕೆ ಸಿಕ್ಕ ಉತ್ತರ, ‘ಮಾಸ್ಟರ್ ಸಿಲಿಂಡರ್ ಹೋಗಿದೆ ಅಣ್ಣಾ’. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ ಅದು. ಹೊಸದು ಹಾಕಿಸಿದೆ. ವಾರ ಕಳೆಯಲಿಲ್ಲ, ಅದೇ ಎಡಗಡೆ, ಅದೇ ಬಿಸಿ. ಮೂರನೇ ಸಲ ಹೋದಾಗ ‘ಬೂಸ್ಟರ್ ಬದಲಿಸಬೇಕು, ಒಂಬತ್ತು ಸಾವಿರ ಆಗಬಹುದು. ಗಾಡಿ ಹಳತಲ್ವಾ’ ಅಂದರು.

ಬೂಸ್ಟರ್ ಅಂದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಭಾಗ. ಅದಕ್ಕೆ ಏನೂ ಆಗಿರಲಿಲ್ಲ. ಅದನ್ನು ನೋಡಲು ಒಂದು ರೂಪಾಯಿ ಖರ್ಚಿಲ್ಲ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಬೇಕು. ಕಾಲು ಹಾಗೇ ಇಟ್ಟುಕೊಂಡು ಇಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ನಾನೇ ಅಂಗಳದಲ್ಲಿ ನೋಡಿದೆ, ಇಳಿಯಿತು. ಅದು ಬಿಡಿ. ನನ್ನ ಗಾಡಿಯಲ್ಲಿ ಮುಂದಿನ ಎರಡು ಚಕ್ರಕ್ಕೆ ಒಂದು ಆಯಿಲ್ ಲೈನ್, ಹಿಂದಿನ ಎರಡಕ್ಕೆ ಇನ್ನೊಂದು. ಬೂಸ್ಟರೋ ಮಾಸ್ಟರ್ ಸಿಲಿಂಡರೋ ಬ್ರೇಕ್ ಹಿಡಿದಿಟ್ಟರೆ ಮುಂದಿನ ಎರಡೂ ಕಾಯಬೇಕಲ್ಲ? ಎಡಗಡೆ ಮಾತ್ರ ಯಾಕೆ ಕಾಯುತ್ತದೆ? ಈ ಒಂದು ಪ್ರಶ್ನೆ ಕೇಳಿಕೊಳ್ಳಲು ಯಾವ ಮಿಷಿನ್ ಬೇಕು?

ಕೊನೆಗೆ ಸುಳ್ಯದ ಹತ್ತಿರ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಮೊದಲು ಪೂರ್ತಿ ಕೇಳಿದರು. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ನನ್ನ ಹತ್ತಿರ ಬ್ರೇಕ್ ಒತ್ತಿಸಿ ಬಿಡಿಸಿದರು. ಚಕ್ರ ತಿರುಗಲಿಲ್ಲ. ಆಯಿಲಿನ ಕಬ್ಬಿಣದ ಪೈಪು ಚಕ್ರದ ಹತ್ತಿರ ರಬ್ಬರ್ ಹೋಸಿಗೆ, ಅಂದರೆ ಬಾಗುವ ಕೊಳವೆಗೆ, ಸೇರುವ ಜಾಯಿಂಟ್ ಸಡಿಲ ಮಾಡಿದರು. ಆಗಲೂ ತಿರುಗಲಿಲ್ಲ. ಅಂದರೆ ಬ್ರೇಕ್ ಹಿಡಿದಿಟ್ಟಿರುವುದು ಮೇಲಿನ ಮಾಸ್ಟರ್ ಸಿಲಿಂಡರಿನಿಂದ ಬರುವ ಒತ್ತಡ ಅಲ್ಲ. ಆಮೇಲೆ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ) ಬ್ಲೀಡರ್, ಅಂದರೆ ಆಯಿಲ್ ಹೊರಬಿಡುವ ಸ್ಕ್ರೂ, ಬಿಚ್ಚಿದರು. ಆಯಿಲ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ‘ಹೋಸ್’ ಅಂದರು, ಅಷ್ಟೇ. ಆಗಲೂ ತಿರುಗದಿದ್ದರೆ ಕ್ಯಾಲಿಪರ್ ಬಿಚ್ಚಿ ನೋಡಬೇಕಿತ್ತಂತೆ. ಎಲ್ಲ ಸೇರಿ ಹತ್ತು ನಿಮಿಷ ಆಗಿರಲಿಕ್ಕಿಲ್ಲ.

ಹೋಸ್ ಗಾಡಿಯ ಜೊತೆ ಕಂಪೆನಿಯಿಂದ ಬಂದದ್ದೇ. ಒಳಗಿನ ರಬ್ಬರ್ ಉಬ್ಬಿ, ದಾರಿ ಮುಚ್ಚಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಆಚೆ ಹೋಗುತ್ತದೆ, ವಾಪಸ್ ಬರಲು ದಾರಿ ಇಲ್ಲ. ಅವರು ಎರಡೂ ಬದಿಯ ಹೋಸ್ ಹಾಕಿ, ಆಯಿಲ್ ಪೂರ್ತಿ ಬದಲಿಸಿ, ಏರ್ ತೆಗೆದು ಕೊಟ್ಟರು. 2,100 ರೂಪಾಯಿ, ಕೂಲಿ ಸೇರಿ. ಅದಕ್ಕೆ ಮೊದಲು ನಾನು ಸುಮ್ನೆ ಕಳೆದುಕೊಂಡದ್ದು 11,400.

ದುಡ್ಡು ಹೋಗಲಿ. ಆ ಘಾಟಿಯಲ್ಲಿ ಎದುರಿನಿಂದ ಒಂದು ಬಸ್ಸು ಬಂದಿದ್ದರೆ?

ಆ ಹೋಸ್ ಕತ್ತರಿಸಿ, ಹಳೆ ವರ್ಕ್‌ಶಾಪಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ‘ಹೊರಗಿಂದ ಚೆನ್ನಾಗಿಯೇ ಇದೆಯಲ್ಲ’ ಅಂದರು. ನನ್ನ ಹಳೆ ಮಾಸ್ಟರ್ ಸಿಲಿಂಡರ್ ವಾಪಸ್ ಕೊಡಿ, ಏನು ಕೆಟ್ಟಿತ್ತು ಅಂತ ಬಿಚ್ಚಿ ತೋರಿಸಿ ಅಂದೆ. ಅದು ಆವತ್ತೇ ಗುಜರಿಗೆ ಹೋಯಿತಂತೆ.