ಕಲಾವಿದನ ಧರ್ಮಸಂಕಟ, ಬೆಲೆ 9,999 ಮಾತ್ರ

ದೊಡ್ಡ ವಸ್ತ್ರವಿನ್ಯಾಸಕರು ಯಾರಾದರೂ ಅಗ್ಗದ ಸಿದ್ಧ ಉಡುಪಿನ ಕಂಪನಿಯೊಂದರ ಜೊತೆ ಕೈಜೋಡಿಸಿದ ಸುದ್ದಿ ಬಂದರೆ, ಅದರ ಬೆನ್ನಿಗೇ ಅವರ ಅಂತರಂಗದ ತುಮುಲದ ಸುದ್ದಿಯೂ ಬರುತ್ತದೆ. ಕಲೆಯನ್ನು ಉಳಿಸಿಕೊಳ್ಳುವುದೋ, ಜನಸಾಮಾನ್ಯರನ್ನು ತಲುಪುವುದೋ ಎಂದು ನಿದ್ದೆಗೆಟ್ಟವರಿಗೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ಸಮಾಧಾನ. ರೇಷ್ಮೆ ಗೂಡಿನ ಊರಾದ ಶಿಡ್ಲಘಟ್ಟದಲ್ಲಿ ಕುಳಿತು ಇದನ್ನು ಓದುವ ನಮಗೆ ಕಣ್ಣು ಒದ್ದೆಯಾಗದಿದ್ದರೆ, ಅದು ನಮ್ಮ ಸಂಸ್ಕಾರದ ಕೊರತೆ.

ಅಗ್ಗದ ಸಿದ್ಧ ಉಡುಪು ಮಾರುವ ಸ್ವೀಡನ್ನಿನ ಎಚ್ ಆ್ಯಂಡ್ ಎಂ ಕಂಪನಿಯ ಇಂಥ ಸಹಯೋಗಗಳಿಗೆ 2004ರಲ್ಲಿ ನಾಂದಿ ಹಾಡಿದವರು ಪ್ಯಾರಿಸ್ಸಿನ ಹೆಸರಾಂತ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್. ಬಟ್ಟೆ ನೋಡನೋಡುತ್ತಲೇ ಖಾಲಿಯಾಯಿತು. ಆಮೇಲೆ ಅವರಿಗೆ ಎರಡು ದುಃಖ: ಕಂಪನಿ ತೀರಾ ಕಡಿಮೆ ಬಟ್ಟೆ ಹೊಲಿಸಿತು ಎಂಬುದೊಂದು, ತೆಳ್ಳಗಿನವರಿಗೆಂದು ತಾವು ರೂಪಿಸಿದ್ದನ್ನು ದೊಡ್ಡ ಅಳತೆಗಳಲ್ಲೂ ಹೊಲಿಸಿಬಿಟ್ಟಿತು ಎಂಬುದಿನ್ನೊಂದು. ಜನಸಾಮಾನ್ಯರಿಗೆ ಸೊಂಟವೂ ಇರುತ್ತದೆ ಎಂದು ಅವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಅದಕ್ಕೂ ಹಿಂದೆ, 1983ರಲ್ಲಿ, ಹಾಲ್ಸ್ಟನ್ ಎಂಬ ಅಮೆರಿಕದ ವಿನ್ಯಾಸಕ ಜನಸಾಮಾನ್ಯರ ಜೆಸಿಪೆನ್ನಿ ಅಂಗಡಿಗಳಿಗೆ ಬಟ್ಟೆ ಮಾಡಿಕೊಟ್ಟಿದ್ದಕ್ಕೆ, ಶ್ರೀಮಂತರ ಮಳಿಗೆ ಬರ್ಗ್‌ಡಾರ್ಫ್ ಗುಡ್‌ಮನ್ ಆತನ ಉಡುಪುಗಳನ್ನೇ ಹೊರಗಿಟ್ಟಿತು. ಆಗ ಈ ಪಾಪಕ್ಕೆ ಬಹಿಷ್ಕಾರವಿತ್ತು, ಈಗ ಪತ್ರಿಕಾಗೋಷ್ಠಿಯಿದೆ.

ನಮ್ಮ ವಸ್ತ್ರವಿನ್ಯಾಸಕ ಸಬ್ಯಸಾಚಿ ಮುಖರ್ಜಿಯವರ ಕಥೆ ನಿಮಗೆ ಗೊತ್ತೇ ಇದೆ. 2021ರ ಜನವರಿಯಲ್ಲಿ ಆದಿತ್ಯ ಬಿರ್ಲಾ ಸಮೂಹದ ಉಡುಪು ಕಂಪನಿ 398 ಕೋಟಿ ರೂಪಾಯಿಗೆ ಅವರ ಬ್ರ್ಯಾಂಡಿನ ಶೇ 51ರಷ್ಟು ಪಾಲನ್ನು ಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಚ್ ಆ್ಯಂಡ್ ಎಂಗೆಂದು ಅವರು ರೂಪಿಸಿದ ಸಂಗ್ರಹ ಬಂದು, 9,999 ರೂಪಾಯಿಯ ಸೀರೆಗೆ ಜನ ಮುಗಿಬಿದ್ದರು. ಕೈಮಗ್ಗ, ಕೈಅಚ್ಚುಗಳನ್ನು ಕೊಂಡಾಡುತ್ತಲೇ ಹೆಸರು ಮಾಡಿದವರು ಕಾರ್ಖಾನೆಯ ಬಟ್ಟೆಗೆ ಪರಂಪರೆಯ ಮೆರುಗು ಕೊಟ್ಟದ್ದನ್ನು ಕಂಡು, ಇದರಲ್ಲಿ ಕುಶಲಕರ್ಮಿಗಳಿಗೆ ಬಂದ ಲಾಭವೇನು ಎಂದು ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದವು. ಭಾರತೀಯ ವಿನ್ಯಾಸವನ್ನು ವಿಶ್ವದ ನಕ್ಷೆಯಲ್ಲಿ ಮೂಡಿಸುವುದೇ ತಮ್ಮ ಉದ್ದೇಶ ಎಂಬರ್ಥದ ಉತ್ತರ ಸಬ್ಯಸಾಚಿಯವರಿಂದ ಬಂತು. ನಕ್ಷೆ ಬಹಳ ದೊಡ್ಡದು. ಅಚ್ಚು ಒತ್ತುವವನ ಓಣಿ ಅದರಲ್ಲಿ ಕಾಣದಿದ್ದರೆ ತಪ್ಪು ಯಾರದೂ ಅಲ್ಲ.

ಕಲೆ ಮತ್ತು ಮಾರುಕಟ್ಟೆಯ ಈ ಮಹಾಪ್ರಶ್ನೆ ನಮ್ಮ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಹೊತ್ತಿನೊಳಗೆ ಬಗೆಹರಿಯುತ್ತದೆ. ಹಗಲು ರಾತ್ರಿ ಸೊಪ್ಪು ಹಾಕಿ, ಹುಳು ಪೊರೆ ಕಳಚುವ ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು ತಂದ ಗೂಡಿಗೆ ದರ ಕುಸಿದರೆ, ರೈತ ಅದನ್ನು ಮನೆಗೆ ಒಯ್ದು ಆತ್ಮಾವಲೋಕನ ಮಾಡಿಕೊಳ್ಳುವಂತಿಲ್ಲ. ತಡಮಾಡಿದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆ ಗೂಡು ಎಳೆ ತೆಗೆಯುವ ಬಿಚ್ಚಾಣಿಕೆಗೆ ಬಾರದು. ಬಿಚ್ಚಾಣಿಕೆ ಮನೆಯಲ್ಲಿ ಸತ್ತ ಹುಳುವಿನ ನಾತದ ನಡುವೆ, ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯುವ ಹೆಂಗಸಿನ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಅವಳ ಸೃಜನಶೀಲ ಸಮಗ್ರತೆಯ ಬಗ್ಗೆ ಯಾರೂ ಸಂದರ್ಶನ ಮಾಡಿಲ್ಲ.

ಸಾಕಾಗಿದೆ. ಅಗ್ಗದ ಬಟ್ಟೆ ಮಾರುವುದು ಅಪರಾಧವಲ್ಲ, ನಾವೂ ಅದನ್ನೇ ಉಡುವವರು. ಆದರೆ ಬೆಲೆ ಇಳಿಸಬೇಕಾದಾಗ ವಿನ್ಯಾಸಕನ ಹೆಸರಿನ ಚೀಟಿ ಉಳಿಯುತ್ತದೆ, ಕಂಪನಿಯ ಲಾಭ ಉಳಿಯುತ್ತದೆ, ಕೈಯೊಂದೇ ಕಳಚಿಹೋಗುತ್ತದೆ. ಅದನ್ನು ಸಮತೋಲನ ಎಂದು ಕರೆಯುವ ಧೈರ್ಯ ಎಲ್ಲಿಂದ ಬರುತ್ತದೆ? ಮುಂದಿನ ಸಹಯೋಗವನ್ನು ಪ್ರಕಟಿಸುವಾಗ ನೂಲು ಯಾರದು, ನೇಯ್ದವರು ಯಾರು, ಅವರಿಗೆ ಮೀಟರಿಗೆ ಎಷ್ಟು ಕೊಟ್ಟಿರಿ ಎಂದು ಬರೆಯಿರಿ. ಅದಾಗದಿದ್ದರೆ ಜಾಹೀರಾತಿನಿಂದ ಪರಂಪರೆ ಎಂಬ ಮಾತನ್ನಾದರೂ ತೆಗೆದುಹಾಕಿ.