ನೀವು ಕೆಂಪೋ, ಹಳದಿಯೋ?

ಮೊದಲೆಲ್ಲ ಮಾತೆತ್ತಿದರೆ ರೇಗುವವರನ್ನು ಸಿಡುಕ ಅಂತಿದ್ದೆವು. ಈಗ ಹಾಗನ್ನುವಂತಿಲ್ಲ. ಅವರು 'ರೆಡ್'. ಬಾಯಿಗೆ ಬೀಗ ಹಾಕಲು ಬಾರದವರು 'ಯೆಲ್ಲೋ'. ಏನು ಹೇಳಿದರೂ ತಲೆಯಾಡಿಸುವವರು 'ಗ್ರೀನ್'. ಮೂರು ಸಾಲಿನ ಪತ್ರದಲ್ಲಿ ನಾಲ್ಕು ತಪ್ಪು ಹುಡುಕುವವರು 'ಬ್ಲೂ'. ಸ್ವಭಾವ ಅಳೆದು ಬಣ್ಣ ಹಚ್ಚುವ ಆಫೀಸಿನ ಅರ್ಧ ದಿನದ ತರಬೇತಿ ಮುಗಿಸಿ ಬಂದವರಿಗೆ ಮನುಷ್ಯರು ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ.

ತರಬೇತಿಯ ಉದ್ದೇಶವೇನೋ ಒಳ್ಳೆಯದೇ. ಎದುರಿನವರ ಸ್ವಭಾವ ತಿಳಿದು ಮಾತಾಡಿದರೆ ಅರ್ಧ ಜಗಳ ಕಡಿಮೆಯಾಗುತ್ತದಂತೆ. ನಿಜ. ಒಳ್ಳೆಯ ಮೇಷ್ಟ್ರು, ಒಳ್ಳೆಯ ನರ್ಸು ದಿನಾ ಮಾಡುವುದು ಇದನ್ನೇ. ಆದರೆ ಅವರು ಎದುರಿನವರ ಮುಖ ನೋಡಿ ಮಾಡುತ್ತಾರೆ. ಇಲ್ಲಿ ಪ್ರಶ್ನಾವಳಿ ನೋಡಿ ಮಾಡುತ್ತಾರೆ.

ಬಣ್ಣದ ಬದಲು ಅಕ್ಷರ ಕೊಡುವ ಇನ್ನೊಂದು ಪರೀಕ್ಷೆಯೂ ಇದೆ. ಅದರ ಪ್ರಶ್ನೆಗಳು ಹೀಗಿರುತ್ತವೆ: 'ಜನರ ನಡುವೆ ಇದ್ದರೆ ನನಗೆ ಹುರುಪು ಬರುತ್ತದೆ. ಹೌದು ಅಥವಾ ಇಲ್ಲ.' ಯಾವ ಜನ ಸ್ವಾಮೀ? ನಾನು ಸಾಲ ಕೊಟ್ಟವರೋ, ನನಗೆ ಸಾಲ ಕೊಟ್ಟವರೋ? ಅದನ್ನು ಬರೆಯಲು ಜಾಗವಿಲ್ಲ. ಹೌದು ಒತ್ತಿದರೆ ಬಹಿರ್ಮುಖಿ, ಇಲ್ಲ ಒತ್ತಿದರೆ ಅಂತರ್ಮುಖಿ. ಹೀಗೆ ಒತ್ತುತ್ತಾ ಹೋದರೆ ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರದ ಒಂದು ಹೊಸ ಹೆಸರು ಸಿಗುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಅವತ್ತಿನಿಂದ ಸುಮ್ನೆ ಸಂಬಳದ ಚೀಟಿಗೆ.

ಈ ನಾಲ್ಕು ಅಕ್ಷರದ ಹೆಸರು ಕೊಡುವ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಪರೀಕ್ಷೆ ಕಟ್ಟಿದವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಕಲಿತು ಪದವಿ ಪಡೆದವರಲ್ಲ. ಮಗಳು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು. ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳನ್ನು ಹಿಡಿದುಕೊಂಡು ಮನುಷ್ಯರನ್ನು 16 ಡಬ್ಬಿಗಳಲ್ಲಿ ತುಂಬಿದರು. ಯೂಂಗ್ ಮಾತ್ರ ಶುದ್ಧ ಬಹಿರ್ಮುಖಿ, ಶುದ್ಧ ಅಂತರ್ಮುಖಿ ಅಂತ ಯಾರೂ ಇಲ್ಲ, ಇದ್ದರೆ ಅಂಥವರು ಹುಚ್ಚಾಸ್ಪತ್ರೆಯಲ್ಲಿ ಇರುತ್ತಾರೆ ಎಂದಿದ್ದರು. ಆ ಮಾತು ಯಾವ ತರಬೇತಿಯ ಸ್ಲೈಡಿನಲ್ಲೂ ಬರುವುದಿಲ್ಲ. ಬಂದರೆ ಮುಂದಿನ ಸ್ಲೈಡಿಗೆ ಕೆಲಸವಿರುವುದಿಲ್ಲ.

ಡಬ್ಬಿಯ ಲೆಕ್ಕಾಚಾರವೂ ಚೆನ್ನಾಗಿದೆ. ನೂರರಲ್ಲಿ 51 ಬಂದವರು ಒಂದು ಕಡೆ, 49 ಬಂದವರು ಇನ್ನೊಂದು ಕಡೆ. ಇವರಿಬ್ಬರೂ ಎಣ್ಣೆ ಸೀಗೇಕಾಯಿ ಅಂತ ತೀರ್ಮಾನ. 51 ಬಂದವರೂ 99 ಬಂದವರೂ ಒಂದೇ ಬಳಗ! ಗೆರೆಯ ಹತ್ತಿರ ನಿಂತವರು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದರೆ ಆಚೆ ದಾಟಿರುತ್ತಾರೆ. ಜನ ಹಾಗೆ ಗೆರೆಯ ಆಸುಪಾಸಿನಲ್ಲೇ ಜಾಸ್ತಿ ಇರುತ್ತಾರೆ ಅನ್ನುವುದೇ ಇದರ ತೊಡಕು.

ಬಣ್ಣದ ಕಥೆ ಇನ್ನೂ ಸೊಗಸು. ಅದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1928ರಲ್ಲಿ ಹೇಳಿದ ನಾಲ್ಕು ಬಗೆಯ ವರ್ತನೆಗಳಲ್ಲಿದೆ. ರಕ್ತದೊತ್ತಡ ಅಳೆದು ಸುಳ್ಳು ಹಿಡಿಯಲು ಹೊರಟಿದ್ದವರೂ ಇವರೇ. 1941ರಲ್ಲಿ ವಂಡರ್ ವುಮನ್ ಎಂಬ ಕಾಮಿಕ್ಸ್ ನಾಯಕಿಯನ್ನು ಹುಟ್ಟಿಸಿದವರೂ ಇವರೇ. ಆಕೆಯ ಕೈಯಲ್ಲಿರುವ ಹಗ್ಗದಲ್ಲಿ ಕಟ್ಟಿದರೆ ಎಂಥವರೂ ನಿಜ ಬಾಯಿಬಿಡುತ್ತಾರೆ. ನಮ್ಮ ಪ್ರಶ್ನಾವಳಿಗಿಂತ ಆ ಹಗ್ಗವೇ ವಾಸಿ.

ಅಷ್ಟಾದರೂ ರಿಪೋರ್ಟ್ ಓದಿದವರು 'ಅಯ್ಯೋ, ಇದು ನಾನೇ!' ಅಂತ ಕಣ್ಣರಳಿಸುತ್ತಾರೆ. ಇದರ ಮರ್ಮವನ್ನು ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲೇ ಬಿಡಿಸಿಟ್ಟಿದ್ದರು. ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ವಾರದ ನಂತರ ಒಬ್ಬೊಬ್ಬರ ಕೈಗೂ ಅವರವರ ಸ್ವಭಾವದ ವರದಿ ಅಂತ ಒಂದು ಹಾಳೆ ಇಟ್ಟರು. ನಿಮ್ಮ ಬಗ್ಗೆ ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯೂ ಒಂದೇ. ಬಹುಪಾಲು ವಾಕ್ಯಗಳನ್ನು ಅವರು ಎತ್ತಿದ್ದು ಪತ್ರಿಕೆ ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ! ಕೆಲವೊಮ್ಮೆ ಜನರ ಜೊತೆ ಬೆರೆಯುತ್ತೀರಿ, ಕೆಲವೊಮ್ಮೆ ನಿಮ್ಮಷ್ಟಕ್ಕೆ ಇರುತ್ತೀರಿ ಅಂತ ಇದ್ದರೆ ಅದು ಯಾರಿಗೆ ಹೊಂದುವುದಿಲ್ಲ ಹೇಳಿ? ಬೆಕ್ಕಿಗೂ ಹೊಂದುತ್ತದೆ.

ಇರಲಿ, ಕಲಿತ ವಿದ್ಯೆಯನ್ನು ಬಳಸೋಣ. ನಿಮ್ಮ ಫೈಲ್ ಪಕ್ಕದ ಮೇಜಿನವರ ಹತ್ತಿರ ಉಳಿದಿದೆ. ಮೊದಲಾದರೆ 'ಸಾರ್, ಆ ಫೈಲ್ ಸ್ವಲ್ಪ ಕೊಡ್ತೀರಾ?' ಅಂದರೆ ಮುಗಿಯುತ್ತಿತ್ತು. ಈಗ ಮೊದಲು ಅವರ ಬಣ್ಣ ನೆನಪಿಸಿಕೊಳ್ಳಬೇಕು. ಬ್ಲೂ ಆಗಿದ್ದರೆ ಫೈಲ್ ಯಾವ ದಿನ ಹೋಯಿತು, ಎಷ್ಟು ಪುಟ, ಯಾಕೆ ಬೇಕು ಅಂತ ವಿವರ ಒಪ್ಪಿಸಬೇಕು. ಯೆಲ್ಲೋ ಆಗಿದ್ದರೆ ಮೊದಲು ಅಂಗಿ ಚೆನ್ನಾಗಿದೆ ಅನ್ನಬೇಕು, ಫೈಲಿನ ಮಾತು ಆಮೇಲೆ. ಗ್ರೀನ್ ಆಗಿದ್ದರೆ ಅವಸರ ಮಾಡುವಂತಿಲ್ಲ, ಗಾಬರಿಯಾಗುತ್ತಾರೆ. ನೀವು ಇಷ್ಟೆಲ್ಲ ತೂಗಿ ಅಳೆದು ನಿಂತಿರುವಾಗ ಅವರೂ ನಿಮ್ಮ ಬಣ್ಣ ನೆನಪಿಸಿಕೊಳ್ಳುತ್ತಾ ನಿಂತಿರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾ ಊಟದ ಬಿಡುವಾಗುತ್ತದೆ. ಫೈಲ್ ಅಲ್ಲೇ ಇರುತ್ತದೆ.

ಇದರಲ್ಲಿ ನನಗೆ ಭಾರಿ ಮೆಚ್ಚುಗೆಯಾದದ್ದು ಇನ್ನೊಂದು. ಹೊಂದಿಕೊಳ್ಳುವ ಪಾಠ ಯಾವಾಗಲೂ ಕೆಳಗಿನವರಿಗೇ. ಬಾಸ್ ಮೀಟಿಂಗಿನಲ್ಲಿ ಮೇಜು ಗುದ್ದಿ ಕೂಗುತ್ತಾರೆ. ತರಬೇತಿಗೆ ಹೋಗುವವರು ಕೂಗಿಸಿಕೊಂಡವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. 'ನೋಡಿ, ಅವರು ರೆಡ್. ಅವರಿಗೆ ನೇರ ಮಾತು ಇಷ್ಟ. ನೀವು ಚುಟುಕಾಗಿ ಹೇಳಲು ಕಲಿಯಿರಿ' ಅಂತ ತರಬೇತುದಾರರು ನಗುನಗುತ್ತಾ ಹೇಳುತ್ತಾರೆ. ಕೂಗುವುದು ಹೀಗೆ ಕೆಟ್ಟ ಚಾಳಿಯ ಪಟ್ಟಿಯಿಂದ ಇಳಿದು ನಾಯಕತ್ವದ ಪಟ್ಟಿಗೆ ಹತ್ತುತ್ತದೆ. ಅದೇ ಧಾಟಿಯಲ್ಲಿ ಗುಮಾಸ್ತ ಒಮ್ಮೆ ಮೇಜು ಗುದ್ದಲಿ ನೋಡೋಣ. ಅವನಿಗೆ ಬಣ್ಣ ಕೊಡುವುದಿಲ್ಲ, ನೋಟಿಸ್ ಕೊಡುತ್ತಾರೆ.

ಜಪಾನಿನಲ್ಲಿ ರಕ್ತದ ಗುಂಪು ನೋಡಿ ಸ್ವಭಾವ ಹೇಳುವ ರೂಢಿ ಇದೆ. 2011ರಲ್ಲಿ ಅಲ್ಲಿನ ಪುನರ್ನಿರ್ಮಾಣ ಸಚಿವ ರ್‍ಯು ಮತ್ಸುಮೊಟೊ ಸುನಾಮಿಯಲ್ಲಿ ನಲುಗಿದ ಪ್ರಾಂತ್ಯಗಳ ಗವರ್ನರುಗಳ ಮೇಲೆ ರೇಗಿ ಕುರ್ಚಿ ಕಳೆದುಕೊಂಡರು. ತಮ್ಮದು ಬಿ ಗುಂಪಿನ ರಕ್ತ, ಅದಕ್ಕೇ ದುಡುಕು ಅಂತ ಸಮಜಾಯಿಷಿ ಕೊಟ್ಟರು. ಪಾಪ, ಅಲ್ಲಿ ಅದು ನಡೆಯಲಿಲ್ಲ. ಇಲ್ಲಿ ರೆಡ್ ಅಂದುಬಿಟ್ಟರೆ ನಡೆಯುತ್ತದೆ.

ಎಂಬಿಟಿಐ ಮಾರುವ ಕಂಪನಿಯೇ, ಇದನ್ನು ನೋಡಿ ಕೆಲಸಕ್ಕೆ ಆಳು ಆರಿಸಬೇಡಿ ಅನ್ನುತ್ತದೆ. ಯಾರು ಕೇಳುತ್ತಾರೆ? ಅಂತರ್ಮುಖಿ ಅಂತ ಬರೆಸಿಕೊಂಡವರನ್ನು ಯಾವ ಮೀಟಿಂಗಿಗೂ ಕರೆಯುವುದಿಲ್ಲ. ಅವರಿಗೇ ಬೇಜಾರಾಗುತ್ತದಲ್ಲ, ಅದಕ್ಕೆ. ಬೇಜಾರಾಗುತ್ತದಾ ಅಂತ ಅವರನ್ನು ಕೇಳುವುದೂ ಇಲ್ಲ. ರಿಪೋರ್ಟಿನಲ್ಲೇ ಬರೆದಿದೆಯಲ್ಲ.

ಒಂದು ಆಫೀಸಿನಲ್ಲಿ ಗ್ರೀನ್ ಒಬ್ಬರಿದ್ದರು ಅಂತಿಟ್ಟುಕೊಳ್ಳಿ. ವರ್ಷಗಟ್ಟಲೆ ಮೂವರ ಕೆಲಸ ಒಬ್ಬರೇ ಎಳೆದವರು. ಒಂದು ಸಂಜೆ ಬಾಸ್ ನಾಲ್ಕನೆಯವರ ಕೆಲಸವನ್ನೂ ತಂದು ಮೇಜಿನ ಮೇಲೆ ಇಟ್ಟರು.

'ಸಾರ್, ಇದು ನನ್ನಿಂದ ಆಗಲ್ಲ.'

ಬಾಸ್‌ಗೆ ನಿಜಕ್ಕೂ ಆತಂಕವಾಯಿತು. ಅಲ್ಲೇ ನಿಂತು ಎಚ್‌ಆರ್‌ಗೆ ಫೋನ್ ಹಚ್ಚಿದರು.

'ನೋಡ್ರೀ, ಇವರ ರಿಪೋರ್ಟಿನಲ್ಲಿ ಏನೋ ತಪ್ಪಿದೆ. ಇನ್ನೊಂದು ಸಲ ಟೆಸ್ಟ್ ಮಾಡಿಸಿ.'