2 ಅಡಿ ಟ್ಯಾಂಕಿಗೆ ಒಂದೇ ಜೋಡಿ ಸಾಕು

ಕಳೆದ ಭಾನುವಾರ ಇಲ್ಲೇ ಮೈಸೂರಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಹಾಲ್‌ನಲ್ಲಿ ಟಿವಿ ಪಕ್ಕ 2 ಅಡಿ ಉದ್ದದ ಮೀನಿನ ಟ್ಯಾಂಕ್. ಒಳಗೆ ಒಂದೇ ಒಂದು ಆಸ್ಕರ್, 10 ಇಂಚಿಗಂತೂ ಮೋಸ ಇಲ್ಲ. ಟ್ಯಾಂಕಿನ ಅಗಲ 12 ಇಂಚು. ಆ ಮೀನು ತಿರುಗಬೇಕು ಅಂದ್ರೆ ಬಾಲ ಮಡಚಿಕೊಂಡು, ಮೂತಿಯನ್ನು ಗಾಜಿಗೆ ಉಜ್ಜಿಕೊಂಡೇ ಹೊರಳಬೇಕು. ಉಜ್ಜಿ ಉಜ್ಜಿ ತುಟಿಯ ಮೇಲೆ ಬೆಳ್ಳಗೆ ಗಾಯ ಆಗಿತ್ತು. ಗೆಳೆಯನ ಮಗ ಓಡಿ ಬಂದು, "ಅಂಕಲ್, ತಂದಾಗ ಇದು ಇಷ್ಟೇ ಇತ್ತು" ಅಂತ ಎರಡು ಬೆರಳಲ್ಲಿ ಅಳತೆ ತೋರಿಸಿದ. ಅಂಗಡಿಯಲ್ಲಿ ಅವರಿಗೆ ಹೇಳಿದ ಮಾತು ನಾವೆಲ್ಲ ಕೇಳಿರೋದೇ: "ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ ಸಾರ್."

ಇದು ಸುಳ್ಳು. ಆಸ್ಕರ್ ಅಮೆಜಾನ್ ಕಡೆಯ ಮೀನು, ಚೆನ್ನಾಗಿ ಸಾಕಿದರೆ ಒಂದು ಅಡಿ ದಾಟುತ್ತೆ. ಚಿಕ್ಕ ಟ್ಯಾಂಕಿನಲ್ಲಿ ಅದರ ಬೆಳವಣಿಗೆ ಕುಗ್ಗಿದರೆ ಅದು ಹೊಂದಿಕೊಂಡಿದೆ ಅಂತ ಅಲ್ಲ, ತನ್ನದೇ ಗಲೀಜಿನ ನೀರಲ್ಲಿ ಸೊರಗ್ತಾ ಇದೆ ಅಂತ ಅರ್ಥ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ ಕಂಠಮಟ್ಟ ತುಂಬಿಸಿದರೂ ಹಿಡಿಯೋದು 56 ಲೀಟರ್. ಜಲ್ಲಿ, ಕಲ್ಲು ಹಾಕಿ, ಮೇಲೆ ಒಂದಿಷ್ಟು ಬಿಟ್ಟರೆ 45 ಲೀಟರ್ ಉಳಿದರೆ ಹೆಚ್ಚು. ಮೂರು ಕೊಡ ನೀರು ಅನ್ಕೊಳ್ಳಿ. ಆ ಮೂರು ಕೊಡದಲ್ಲಿ ಸಿಕ್ಲಿಡ್ (ಆಸ್ಕರ್, ಏಂಜಲ್ ಎಲ್ಲ ಸೇರಿದ ಮೀನಿನ ಕುಟುಂಬ) ಸಾಕಬೇಕು ಅನ್ನೋರಿಗೆ ನಾನು ಹೇಳೋದು ಒಂದೇ. ಒಂದು ಜಾತಿ ಆರಿಸಿ. ಅದೂ ಪೂರ್ತಿ ಬೆಳೆದ ಮೇಲೂ 4 ಇಂಚು ದಾಟದ ಜಾತಿ.

ಸಿಕ್ಲಿಡ್ ಅಂದ್ರೆ ಜಾಗದ ಮೀನು. ಎರಡು ಹೊಲದವರಿಗೆ ಬದುವಿನ ಜಗಳ ಇರುತ್ತಲ್ಲ, ಹಾಗೇ ಇವಕ್ಕೆ ಒಂದು ಕಲ್ಲು, ಒಂದು ಮೂಲೆಗೆ ಜಗಳ. ಮೊಟ್ಟೆ ಇಟ್ಟ ಮೇಲಂತೂ ಕೇಳಲೇಬೇಡಿ. ನನ್ನ ಮೊದಲ ಟ್ಯಾಂಕಿನಲ್ಲಿ ಎರಡು ಏಂಜಲ್ ಜೊತೆ ಒಂದು ಜೋಡಿ ಕಾನ್ವಿಕ್ಟ್ ಹಾಕಿದ್ದೆ, ಕಪ್ಪು ಬಿಳಿ ಪಟ್ಟೆ ಚೆನ್ನಾಗಿ ಕಾಣುತ್ತೆ ಅಂತ. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಕಾನ್ವಿಕ್ಟ್ ಜೋಡಿ ಒಂದು ಕಲ್ಲಿನ ಮುಂದೆ ಕಾವಲು ನಿಂತಿದೆ, ಏಂಜಲ್ ಎರಡೂ ಮೇಲಿನ ಮೂಲೆಯಲ್ಲಿ ಹೀಟರ್ ಹಿಂದೆ ಅವಿತುಕೊಂಡಿವೆ, ಉದ್ದನೆಯ ರೆಕ್ಕೆಗಳು ಹರಿದು ದಾರದಂತೆ ನೇತಾಡ್ತಾ ಇವೆ. ಒಂದು ಅವತ್ತೇ ಸಂಜೆ ಸತ್ತಿತು. ಕಾನ್ವಿಕ್ಟ್‌ದೇನೂ ತಪ್ಪಿಲ್ಲ, ಅದು ತನ್ನ ಮರಿ ಕಾಯ್ತಾ ಇತ್ತು. ಓಡಿಹೋಗೋಕೆ ಜಾಗ ಇಲ್ಲದ ಕಡೆ ಅವನ್ನು ಒಟ್ಟಿಗೆ ಬಿಟ್ಟಿದ್ದು ನನ್ನ ತಪ್ಪು. ಈಗಲೂ ನೆನೆದರೆ ಬೇಜಾರಾಗುತ್ತೆ.

ಹಾಗಾದ್ರೆ ಏನು ಹಾಕಬೇಕು? ನನ್ನ ಆಯ್ಕೆ ಕ್ರಿಬೆನ್ಸಿಸ್. ಪಶ್ಚಿಮ ಆಫ್ರಿಕಾದ ಮೀನು, ನೈಜೀರಿಯಾ ಕಡೆಯದು. ಗಂಡು 4 ಇಂಚಿನ ಆಸುಪಾಸು, ಹೆಣ್ಣು ಇನ್ನೂ ಚಿಕ್ಕದು. ನಮ್ಮ ನಲ್ಲಿ ನೀರಿಗೆ ಬೇಗ ಒಗ್ಗುತ್ತೆ, ಕ್ಲೋರಿನ್ ತೆಗೆದಿದ್ದರೆ ಸಾಕು. ಒಂದು ತೆಂಗಿನ ಕರಟವನ್ನು ಚೆನ್ನಾಗಿ ಕುದಿಸಿ, ಅಂಚಲ್ಲಿ ಒಂದು ಬಾಗಿಲು ಕೊರೆದು, ಬೋರಲು ಹಾಕಿ. ಹೆಣ್ಣಿನ ಹೊಟ್ಟೆ ಬೀಟ್‌ರೂಟ್ ರಸ ಬಳಿದ ಹಾಗೆ ಕೆಂಪಾಗುತ್ತೆ, ಗಂಡಿನ ಮುಂದೆ ಮೈ ಬಿಲ್ಲಿನ ಹಾಗೆ ಬಗ್ಗಿಸಿ ನಡುಗಿಸುತ್ತೆ, ಆಮೇಲೆ ಕರಟದೊಳಗೆ ಹೋಗಿ ದಿನಗಟ್ಟಲೆ ಹೊರಗೇ ಬರಲ್ಲ. ಸುಮಾರು ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಸಾಸಿವೆ ಚೆಲ್ಲಿದಂತೆ ಮರಿಗಳು, ಹಿಂದೆ ಅಮ್ಮ. ಗುಂಪು ಬಿಟ್ಟು ದೂರ ಹೋದ ಮರಿಯನ್ನು ಬಾಯಲ್ಲಿ ತುಂಬಿಕೊಂಡು ಬಂದು ಗುಂಪಿನ ಮಧ್ಯೆ ಉಗುಳುತ್ತೆ. ನನ್ನ ಮಗಳು ಅವತ್ತು ಸ್ಕೂಲಿಗೆ ಹೊರಡೋಕೇ ಒಪ್ಪಲಿಲ್ಲ. ಜೊತೆಗೆ ಬೇರೆ ಮೀನು ಬೇಕೇ ಬೇಕು ಅಂದ್ರೆ ಮೇಲ್ಮಟ್ಟದಲ್ಲಿ ಓಡಾಡೋ ಆರು ಜೀಬ್ರಾ ಡೇನಿಯೊ ಬಿಡಿ. ತಳದಲ್ಲಿ ಓಡಾಡೋ ಮೀನು ಬೇಡ.

ರ‍್ಯಾಮ್ ಅನ್ನೋ ಸಿಕ್ಲಿಡ್ ಇನ್ನೂ ಚಿಕ್ಕದು, 2 ಇಂಚು ಅಷ್ಟೇ, ಬಣ್ಣವೂ ಜಾಸ್ತಿ. ಆದರೆ ಅದಕ್ಕೆ ಮೆದು ನೀರು (ಲವಣ ಕಡಿಮೆ ಇರೋ ನೀರು) ಬೇಕು, 28 ಡಿಗ್ರಿ ಬಿಸಿ ಬೇಕು. ಹೀಟರ್ ಇಲ್ಲದೆ ನಮ್ಮ ಡಿಸೆಂಬರ್ ಚಳಿ ಅದು ತಡೆಯಲ್ಲ. ಹೊಸ ಟ್ಯಾಂಕಿಗಂತೂ ಹಾಕಲೇಬೇಡಿ, ಫಿಲ್ಟರ್ ಹದಕ್ಕೆ ಬರೋಕೆ, ಅಂದ್ರೆ ಗಲೀಜು ಕರಗಿಸೋ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯೋಕೆ, 4ರಿಂದ 6 ವಾರ ಬೇಕು.

ನಿಮ್ಮದು ಬೋರ್‌ವೆಲ್ ನೀರಾ? ಬಕೆಟ್ ಅಂಚಲ್ಲಿ ಬಿಳಿ ಉಪ್ಪು ಕಟ್ಟುತ್ತಾ? ಹಾಗಿದ್ರೆ ಆ ಗಡಸು ನೀರನ್ನೇ ಇಷ್ಟಪಡೋ ಒಂದು ಪುಟ್ಟ ಮೀನಿದೆ, ಟಾಂಗನ್ಯಿಕಾ ಸರೋವರದ ಮಲ್ಟಿಫ್ಯಾಸಿಯಾಟಸ್. 2 ಇಂಚೂ ಆಗಲ್ಲ. ಬಸವನಹುಳದ ಖಾಲಿ ಚಿಪ್ಪಿನೊಳಗೇ ಅದರ ಸಂಸಾರ. ಗದ್ದೆ ಬದಿ ಸಿಗೋ ಚಿಪ್ಪನ್ನು ಕುದಿಸಿ ತೊಳೆದು ಮರಳಿನ ಮೇಲೆ ಹತ್ತು ಇಪ್ಪತ್ತು ಹರಡಿದರೆ, ಒಂದೊಂದು ಚಿಪ್ಪಿಗೂ ಮರಳು ತೋಡಿ ಮನೆ ಮಾಡಿಕೊಳ್ಳುತ್ತವೆ. ಸಿಗೋದು ಕಷ್ಟ, ಬೆಲೆಯೂ ಜಾಸ್ತಿ. ಹುಡುಕಿ ತಂದರೆ ನಷ್ಟ ಇಲ್ಲ.

ಅಂಗಡಿಯಲ್ಲಿ "ಆಫ್ರಿಕನ್ ಮಿಕ್ಸ್" ಅಂತ ಹಳದಿ, ನೀಲಿ, ಕಿತ್ತಳೆ ಬಣ್ಣದ ಮರಿ ಕೊಡ್ತಾರಲ್ಲ, ಅವು ಹೆಚ್ಚಾಗಿ ಮಲಾವಿ ಸರೋವರದ ಮೀನುಗಳು. ಅವಕ್ಕೆ 4 ಅಡಿ ಟ್ಯಾಂಕ್ ಬೇಕು. 2 ಅಡಿಯಲ್ಲಿ ಕೊನೆಗೆ ಉಳಿಯೋದು ಒಂದೇ ಗಂಡು. ಫ್ಲವರ್‌ಹಾರ್ನ್ ಬಗ್ಗೆಯೂ ಕೇಳಬೇಡಿ, ಅದೂ ಅಡಿಯುದ್ದ ಬೆಳೆಯುತ್ತೆ. ಏಂಜಲ್‌ಗೆ ಉದ್ದಕ್ಕಿಂತ ಎತ್ತರ ಮುಖ್ಯ. 1 ಅಡಿ ಎತ್ತರದಲ್ಲಿ ಅದರ ರೆಕ್ಕೆ ಬಾಗಿಹೋಗುತ್ತೆ, ಜೊತೆಗೆ ಬಿಟ್ಟ ಪುಟ್ಟ ನಿಯಾನ್ ಮೀನು‌ಗಳನ್ನು ದೊಡ್ಡದಾದ ಮೇಲೆ ನುಂಗುತ್ತೆ.

ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲೇ ಒಂದು ಸಿಕ್ಲಿಡ್ ಇದೆ, ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಲ್ಲೇ ಕೆನರಾ ಇದೆ. ಬೇರೆ ಕಡೆ ಸಿಗೋದು ಅಪರೂಪ. ಚೆಂದ ಅಂತ ಹೊಳೆಯಿಂದ ಹಿಡಿಸಿ ತರಬೇಡಿ, ದಯವಿಟ್ಟು.

ಗೆಳೆಯನ ಆಸ್ಕರ್ ಇನ್ನೂ ಅಲ್ಲೇ ಇದೆ. "ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡ್ಲಾ?" ಅಂತ ಕೇಳಿದ. ಬೇಡವೇ ಬೇಡ ಅಂದೆ. ನಾವು ಜಿಲೇಬಿ ಅಂತ ಕರೆಯೋ ತಿಲಾಪಿಯ ಕೂಡ ಹೊರಗಿಂದ ಬಂದ ಸಿಕ್ಲಿಡ್ಡೇ, 1952ರಲ್ಲಿ ಭಾರತಕ್ಕೆ ತಂದಿದ್ದು, ಈಗ ಯಾವ ಕೆರೆಗೆ ಬಲೆ ಬೀಸಿದರೂ ಅದೇ. ಮೈಸೂರು, ಮಂಡ್ಯ ಕಡೆ 5–6 ಅಡಿ ಟ್ಯಾಂಕ್ ಇಟ್ಟು ಆಸ್ಕರ್ ಸಾಕ್ತಾ ಇರೋರು ಯಾರಾದ್ರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ದುಡ್ಡು ಬೇಡ, ನಾನೇ ತಂದು ಕೊಡ್ತೀನಿ. ಕೈಯಿಂದಲೇ ಊಟ ತಿನ್ನುತ್ತೆ, ಹುಡುಗ ಅದಕ್ಕೆ ರಾಜ ಅಂತ ಹೆಸರಿಟ್ಟಿದ್ದಾನೆ.